ಅಟ್ಟದ ಅಳಿಲು

ಇಂಗ್ಲೆಂಡಿನ ಮಗನ ಮನೆಯಲ್ಲಿ ನಾನು ತಂಗಿದ್ದಾಗ, ಹಿತ್ತಲಿನ ಬೂದು ಅಳಿಲೊಂದು ಅಟ್ಟವನ್ನು ಹೊಕ್ಕು ವಿದ್ಯುತ್ ತಂತಿಗಳನ್ನು ಕಡಿಯತೊಡಗಿತು. ನೆರೆಯ ವೃದ್ಧರು ಏರ್ ರೈಫಲ್ ಹಿಡಿದು ಬಂದರು. 12 ಅಡಿ-ಪೌಂಡು ಮೀರದ ಅಂತಹ ಬಂದೂಕಿಗೆ ಅಲ್ಲಿ ಪರವಾನಗಿಯೇ ಬೇಡ. ಉತ್ತರ ಅಮೆರಿಕದಿಂದ 1876ರಲ್ಲಿ ಶೋಭೆಗೆಂದು ತಂದು ಬಿಟ್ಟ ಈ ಪ್ರಾಣಿಯ ಸಂತತಿ, ನಾಡಿನ ಕೆಂಪು ಅಳಿಲನ್ನು ಬಹುಪಾಲು ಕಡೆಗಳಿಂದ ಹೊರದೂಡಿದೆ; ಅವರ ದೃಷ್ಟಿಯಲ್ಲಿ ಅದನ್ನು ಕೊಲ್ಲುವುದು ಉಪಕಾರವೇ.

ನಾನು ಬೇಡವೆಂದು ಬೋನು ಇಡಿಸಿದೆ. ಅಳಿಲು ಸಿಕ್ಕಿತು. ಕಾಡಿಗೆ ಒಯ್ಯಲು ಹೊರಟಾಗ ಮಗ ತಡೆದ: ಹಿಡಿದ ಬೂದು ಅಳಿಲನ್ನು ಮರಳಿ ಬಿಡುವುದು ಅಲ್ಲಿ ಅಪರಾಧವಂತೆ. ನೆರೆಯವರು ಬೋನನ್ನು ಒಯ್ದರು. ಸದ್ದೊಂದು ಕೇಳಿಸಿತು. ಕೃತ, ಕಾರಿತ, ಅನುಮೋದನಗಳಲ್ಲಿ ನನ್ನದು ಯಾವುದೆಂದು ಆ ರಾತ್ರಿ ಬಹಳ ಹೊತ್ತು ಯೋಚಿಸಿದೆ. ಬೋನನ್ನು ಇಡಿಸಿದವನು ನಾನೇ ಅಲ್ಲವೇ?

ಸೂರಿನ ರಂಧ್ರವನ್ನು ಮರುದಿನ ತಂತಿಬಲೆಯಿಂದ ಮುಚ್ಚಿಸಿದೆವು. ಅರ್ಧ ಗಂಟೆಯ ಕೆಲಸ.