ಅಂಗಾಲಿನ ಮಚ್ಚೆಯನ್ನೂ ನೋಡಿಕೊಳ್ಳಿ

ಮಚ್ಚೆಯ ಮಾತು ಬಂದರೆ ನಾವು ಹೆಂಗಸರು ಯೋಚಿಸುವುದು ಮುಖದ ಬಗ್ಗೆ ಮಾತ್ರ. ಗಲ್ಲದಲ್ಲಿದ್ದರೆ ಚೆಂದ, ಮೂಗಿನ ಮೇಲಿದ್ದರೆ ತೆಗೆಸಬಹುದೇ ಎಂಬ ಚಿಂತೆ. ಅಂಗಾಲಿನ ಮಚ್ಚೆಯನ್ನು ಕೇಳುವವರೇ ಇಲ್ಲ.

ಮೊದಲು ಧೈರ್ಯದ ಮಾತು. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ಒಂದೆಡೆ ಗುಂಪುಗೂಡಿದರೆ ಅದೇ ಮಚ್ಚೆ. ಹೆಚ್ಚಿನವು ಬಾಲ್ಯದಲ್ಲೋ ಹರೆಯದಲ್ಲೋ ಮೂಡುತ್ತವೆ. ಮೈಮೇಲೆ ಇಪ್ಪತ್ತು ಮೂವತ್ತು ಇದ್ದರೂ ಸಹಜವೇ. ಮಚ್ಚೆಯಂತೆ ಕಾಣುವ ಮೆಲನೋಮಾ ಎಂಬ ಕ್ಯಾನ್ಸರ್ ಬಿಳಿಯರಿಗೆ ಹೋಲಿಸಿದರೆ ನಮ್ಮಲ್ಲಿ ಬಹಳ ಅಪರೂಪ. ಆದರೆ ಕಂದು, ಕಪ್ಪು ಚರ್ಮದವರಲ್ಲಿ ಅದು ಹೆಚ್ಚಾಗಿ ಅಡಗಿ ಕೂರುವುದು ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ. ಜಮೈಕಾದ ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಕಾಲ್ಬೆರಳಿನ ಉಗುರಿನಡಿ ಪತ್ತೆಯಾದದ್ದು ಇದೇ. 1981ರಲ್ಲಿ ತೀರಿಕೊಂಡಾಗ ಆತನಿಗೆ ಬರೇ 36 ವರ್ಷ.

ನನ್ನ ದೊಡ್ಡಮ್ಮನ ಹಿಮ್ಮಡಿಯಲ್ಲಿ ಒಂದು ಕಪ್ಪು ಕಲೆ ಇತ್ತು. ಚಪ್ಪಲಿ ಉಜ್ಜಿದ್ದು ಎಂದು ಎಂಟು ತಿಂಗಳು ಅರಿಶಿನ ಹಚ್ಚಿಕೊಂಡರು. ನೋವಿರಲಿಲ್ಲ, ಹಾಗಾಗಿ ಯಾರಿಗೂ ತೋರಿಸಲಿಲ್ಲ. ರಕ್ತ ಒಸರತೊಡಗಿದ ಮೇಲೆ ಚರ್ಮತಜ್ಞರ ಬಳಿ ಹೋದರು. ಹಿಮ್ಮಡಿಯ ಒಂದು ಭಾಗವನ್ನೇ ತೆಗೆದು ತೊಡೆಯ ಚರ್ಮ ಕೂರಿಸಬೇಕಾಯಿತು. ಈಗಲೂ ಕುಂಟುತ್ತಾ ನಡೆಯುತ್ತಾರೆ. ನಡೆಯುತ್ತಾರಲ್ಲ, ಅಲ್ಹಮ್ದುಲಿಲ್ಲಾಹ್.

ಸಹೋದರಿಯರೇ, ಯಾವ ಮಚ್ಚೆಯನ್ನು ತೋರಿಸಬೇಕು? ಬದಲಾಗುತ್ತಿರುವುದನ್ನು. ಒಂದು ಅರ್ಧ ಇನ್ನೊಂದು ಅರ್ಧದಂತಿಲ್ಲ, ಅಂಚು ಹರಿದಂತಿದೆ, ಒಂದರಲ್ಲೇ ಎರಡು ಮೂರು ಬಣ್ಣ, 6 ಮಿಲಿಮೀಟರ್‌ಗಿಂತ ಅಗಲ ಎಂದಾದರೆ ತಡ ಮಾಡಬೇಡಿ. ಪೆಟ್ಟಿಲ್ಲದೆ ರಕ್ತ ಬಂದರೆ, ಮೈಮೇಲಿನ ಉಳಿದ ಮಚ್ಚೆಗಳಂತಿಲ್ಲದ ಒಂದು ಹೊಸತಾಗಿ ಕಂಡರೂ ಅಷ್ಟೇ. ಗರ್ಭಿಣಿಯರಲ್ಲಿ ಹೊಟ್ಟೆ, ಎದೆಯ ಮಚ್ಚೆ ಚರ್ಮದೊಂದಿಗೆ ತುಸು ಹಿಗ್ಗಬಹುದು. ಆದರೆ ಬಣ್ಣ, ಆಕಾರ ಕೆಟ್ಟರೆ ಬಸಿರಿನ ಮೇಲೆ ಹೊರಿಸಬೇಡಿ. ಹಲವು ಉಗುರುಗಳಲ್ಲಿ ತೆಳು ಕಂದು ಗೆರೆ ನಮ್ಮ ಬಣ್ಣದವರಿಗೆ ಸಾಮಾನ್ಯ. ಒಂದೇ ಉಗುರಿನ ಗೆರೆ ಅಗಲವಾಗುತ್ತಾ ಚರ್ಮಕ್ಕೂ ಹಬ್ಬಿದರೆ ಜಾಗ್ರತೆ. ಮದರಂಗಿ ಹಚ್ಚಿದ ಉಗುರಿನಲ್ಲಿ ಇದು ಕಾಣುವುದೇ ಇಲ್ಲ. ಹಚ್ಚುವ ಮೊದಲು ಒಮ್ಮೆ ನೋಡಿಬಿಡಿ.

ಸುಣ್ಣ, ಸೋಡಾ ಹಚ್ಚಿ ಸುಡುವುದು, ಕೂದಲು ಕಟ್ಟುವುದು, ಪಾರ್ಲರಿನಲ್ಲಿ ಕರಕಲು ಮಾಡಿಸುವುದು ಬೇಡವೇ ಬೇಡ. ಸುಟ್ಟದ್ದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಗದು. ಚರ್ಮತಜ್ಞರು ಮೊದಲು ಭೂತಗನ್ನಡಿಯಂಥ ಉಪಕರಣದಿಂದ ನೋಡುತ್ತಾರೆ, ಅದರಲ್ಲಿ ನೋವಿಲ್ಲ. ಸಂಶಯವಿದ್ದರೆ ಆ ಜಾಗಕ್ಕಷ್ಟೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಕತ್ತರಿಸಿ ಪರೀಕ್ಷೆಗೆ ಕಳಿಸುತ್ತಾರೆ. ಕತ್ತಿ ತಾಗಿದರೆ ಹರಡುತ್ತದೆ ಎಂಬ ಮಾತು ಸುಳ್ಳು. ಬೇರು ಆಳಕ್ಕಿಳಿಯುವ ಮೊದಲೇ ತೆಗೆದರೆ ಹೆಚ್ಚಿನವರು ಅಷ್ಟರಲ್ಲೇ ಗುಣವಾಗುತ್ತಾರೆ.

ಎದೆ, ಬೆನ್ನು ತೋರಿಸಲು ಸಂಕೋಚವೆಂದರೆ ವೈದ್ಯೆಯನ್ನೇ ಕೇಳಿ, ಸಿಗದಿದ್ದರೆ ತಿಂಗಳುಗಟ್ಟಲೆ ಕಾಯಬೇಡಿ. ಹೇಗೂ ವುಝೂವಿಗೆಂದು ದಿನಕ್ಕೆ ಹಲವು ಬಾರಿ ಕಾಲು ತೊಳೆಯುತ್ತೇವೆ. ತಿಂಗಳಿಗೊಮ್ಮೆ ಅಂಗಾಲನ್ನು ಬೆಳಕಿಗೆ ತಿರುಗಿಸಿ ನೋಡಿ. ಬಗ್ಗಲಾಗದ ಅತ್ತೆಯ ಕಾಲನ್ನು ನೀವೇ ನೋಡಿ. ಅನುಮಾನದ ಮಚ್ಚೆಯ ಪಕ್ಕ ಸ್ಕೇಲ್ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆದರೆ ವೈದ್ಯರಿಗೂ ಅನುಕೂಲ.