ಅವ್ವನ ಪ್ರಶ್ನೆ

ಜಾಂಬೋಟಿಯಲ್ಲಿ ಮಳೆ ಹಿಡಿಯಿತೆಂದರೆ ಬಿಡುವುದಿಲ್ಲ. ಭತ್ತದ ಗದ್ದೆಯ ಕೆಸರಿನಲ್ಲಿ ಚಪ್ಪಲಿ ನಿಲ್ಲುವುದಿಲ್ಲ. ಅವ್ವ ಬರಿಗಾಲಲ್ಲೇ ನಾಟಿ ಮಾಡುತ್ತಿದ್ದಳು, ನಾನು ಬರಿಗಾಲಲ್ಲೇ ಬುತ್ತಿ ಒಯ್ಯುತ್ತಿದ್ದೆ.

ಆಗೆಲ್ಲ ಅವ್ವನಿಗೆ ಸದಾ ದಣಿವು. ಸಣ್ಣ ಏರು ಹತ್ತಿದರೂ ಏದುಸಿರು. ‘ರಕ್ತ ಕಡಿಮಿ ಐತಿ’ ಎಂದು ಕಬ್ಬಿಣದ ಮಾತ್ರೆ ನುಂಗಿದಳು. ಕೊನೆಗೊಮ್ಮೆ ಮಲಪರೀಕ್ಷೆ ಮಾಡಿಸಿದಾಗ ಕೊಕ್ಕೆಹುಳುವಿನ ಮೊಟ್ಟೆಗಳು ಕಂಡವು. ಈ ಹುಳುವಿನ ಮರಿ ಮಣ್ಣಿನಿಂದ ಪಾದದ ಚರ್ಮ ತೂರಿ, ರಕ್ತದಲ್ಲಿ ಶ್ವಾಸಕೋಶಕ್ಕೆ ಹೋಗಿ, ಗಂಟಲಿಗೇರಿ, ಉಗುಳಿನೊಂದಿಗೆ ಕರುಳು ಸೇರುತ್ತದೆ. ಅಲ್ಲಿ ಕಚ್ಚಿಕೊಂಡು ವರ್ಷಗಟ್ಟಲೆ ರಕ್ತ ಹೀರುತ್ತದೆ.

ಮುಳ್ಳು ಚುಚ್ಚಿದರೇ ಕೆಂಪಗೆ ಊದುವ ದೇಹ, ಸುಮಾರು ಒಂದು ಸೆಂಟಿಮೀಟರ್ ಉದ್ದದ ಜೀವ ಒಳಗಿದ್ದರೂ ಯಾಕೆ ಸುಮ್ಮನಿರುತ್ತದೆ? ಪಿಎಚ್.ಡಿ.ಗೆ ನನ್ನನ್ನು ಎಳೆದು ತಂದದ್ದು ಈ ಪ್ರಶ್ನೆಯೇ.

ನಮ್ಮ ದೇಹದಲ್ಲಿ ಟಿಜಿಎಫ್-ಬೀಟಾ ಎಂಬ ಪ್ರೋಟೀನ್ ಇದೆ. ಅದರ ಕೆಲಸಗಳಲ್ಲೊಂದು, ಕಾದಾಡುವ ರೋಗನಿರೋಧಕ ಕೋಶಗಳಿಗೆ ‘ಇನ್ನು ಸಾಕು’ ಎನ್ನುವುದು. ಕೊಕ್ಕೆಹುಳುವಿನ ದೂರದ ಸಂಬಂಧಿಯೊಂದು ಇಲಿಯ ಕರುಳಿನಲ್ಲಿ ಬದುಕುತ್ತದೆ. ಅದೂ ಇದೇ ಮಾತನ್ನು ಹೇಳುವ ತನ್ನದೊಂದು ಪ್ರೋಟೀನನ್ನು ಸ್ರವಿಸುತ್ತದೆಂದು ಗ್ಲಾಸ್ಗೋದ ರಿಕ್ ಮೈಜೆಲ್ಸ್ ಅವರ ತಂಡ 2017ರಲ್ಲಿ ಪ್ರಕಟಿಸಿತು. ರಚನೆಯಲ್ಲಿ ಎರಡಕ್ಕೂ ಹೋಲಿಕೆಯಿಲ್ಲ. ಆದರೂ ಅದು ಕೋಶದ ಮೇಲಿನ ಅದೇ ಗ್ರಾಹಕಗಳಿಗೆ ಅಂಟಿ, ಉರಿಯೂತ ತಣಿಸುವ ನಿಯಂತ್ರಕ ಟಿ ಕೋಶಗಳನ್ನು ಹೆಚ್ಚಿಸುತ್ತದೆ. ಕಳ್ಳ ಯಜಮಾನನ ದನಿಯಲ್ಲಿ ಕರೆದರೆ ನಾಯಿ ಬೊಗಳುವುದಿಲ್ಲವಲ್ಲ, ಹಾಗೆ.

ಇಂಥ ಅಣುಗಳಿಂದ ಉಬ್ಬಸಕ್ಕೆ, ಕರುಳಿನ ಉರಿಯೂತಕ್ಕೆ ಔಷಧಿ ಮಾಡಬಹುದೇ ಎಂದು ಹಲವು ಪ್ರಯೋಗಾಲಯಗಳು ಹುಡುಕುತ್ತಿವೆ. ಕೊಕ್ಕೆಹುಳುವಿನದೇ ಒಂದು ಪ್ರೋಟೀನ್ ಇಲಿಗಳ ಉಬ್ಬಸವನ್ನು ತಗ್ಗಿಸಿದೆ. ರಜೆಗೆ ಹೋದಾಗ ಇದನ್ನೆಲ್ಲ ಉತ್ಸಾಹದಿಂದ ಅವ್ವನಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಲೇ ಕೇಳಿದಳು: ‘ಹಂಗಾರ ನನ್ನ ಹೊಟ್ಯಾಗ ಇದ್ದಾಗ ನನಗ್ಯಾಕ ಔಷಧಿ ಆಗ್ಲಿಲ್ಲ?’

ತಕ್ಷಣ ಉತ್ತರ ಹೊಳೆಯಲಿಲ್ಲ. ಹುಳುವಿನ ಜಾಣತನವನ್ನು ಮೆಚ್ಚುತ್ತ ಅದು ಯಾರ ರಕ್ತ ಕುಡಿಯಿತೆಂಬುದನ್ನೇ ನಾನು ಮರೆತಿದ್ದೆ. ಹುಳು ದೇಹವನ್ನು ತಣಿಸುವುದು ತನಗಾಗಿ. ಹಾಗೆ ತಣಿದ ದೇಹ ಕೆಲವು ಲಸಿಕೆಗಳಿಗೂ ಸರಿಯಾಗಿ ಸ್ಪಂದಿಸುವುದಿಲ್ಲ. ಎಷ್ಟು, ಯಾವಾಗ, ಯಾರಿಗೆ ಎಂಬುದನ್ನು ನಾವು ನಿರ್ಧರಿಸಲು ಬಂದಾಗ ಮಾತ್ರ ಅದು ಔಷಧಿ. ಇಷ್ಟನ್ನು ಹೇಳಿದಾಗ ಅವ್ವ, ‘ಹಂಗಂದ್ರ ಆತು’ ಎಂದಳು.

ಮರುದಿನ ನಾನು ತಂದಿದ್ದ ಗಮ್‌ಬೂಟು ಹಾಕಿಕೊಂಡು ಗದ್ದೆಗಿಳಿದಳು. ನಾಲ್ಕು ಹೆಜ್ಜೆಗೆ ಬೂಟು ಕೆಸರಿನಲ್ಲಿ ಹೂತವು. ನಗುತ್ತ ಅವನ್ನು ಕಿತ್ತು ಬದುವಿನ ಮೇಲಿಟ್ಟು, ಬರಿಗಾಲಲ್ಲೇ ಸಸಿ ಹಿಡಿದಳು. ನನ್ನ ಚೀಲದಲ್ಲಿ ಆಲ್ಬೆಂಡಜೋಲ್ ಮಾತ್ರೆ ಇತ್ತು. ಸಂಜೆ ಊಟದ ಜೊತೆ ಕೊಟ್ಟೆ.