ಅಮ್ಮನ ಕಾವಲಿ, ಮಾಮಾನ ಹಿಟ್ಟು

ನೈಜೀರಿಯಾದ ಪ್ಯಾನ್‌ಕೇಕ್ ಅಂದರೆ ಇಂಗ್ಲಿಷ್ ಸಿನಿಮಾಗಳಲ್ಲಿ ಒಂದರ ಮೇಲೊಂದು ಪೇರಿಸಿ ಪಾಕ ಸುರಿಯುತ್ತಾರಲ್ಲ, ಆ ದಪ್ಪ ತಿಂಡಿ ಅಲ್ಲ. ಇದು ತೆಳ್ಳಗೆ, ಸುರುಳಿ ಸುತ್ತಿ ಕೈಯಲ್ಲೇ ತಿನ್ನುವಂಥದ್ದು. ಮೈದಾ, ಮೊಟ್ಟೆ, ಹಾಲು, ಸಕ್ಕರೆ, ಚಿಟಿಕೆ ಉಪ್ಪು, ಇಷ್ಟೇ. ಸೋಡಾ ಗೀಡಾ ಇಲ್ಲ. ಆಮೇಲೆ ಸಣ್ಣಗೆ ಹೆಚ್ಚಿದ ಈರುಳ್ಳಿ ಮತ್ತು ಅಟಾ ರೋಡೋ ಎನ್ನುವ, ಗುಂಡಗೆ ಸುಕ್ಕುಸುಕ್ಕಾಗಿರುವ ಮೆಣಸಿನಕಾಯಿ. ಸಕ್ಕರೆ ಹಾಕಿದ ಹಿಟ್ಟಿಗೆ ಮೆಣಸಿನಕಾಯಿ ಯಾಕೆ ಎಂದು ಕೇಳಬಾರದು, ತಿಂದು ನೋಡಬೇಕು. ಕೆಲವರು ಜಾಯಿಕಾಯಿ ತುರಿದು ಹಾಕುತ್ತಾರೆ, ಕೆಲವರು ಇಲ್ಲ. ಬೆಣ್ಣೆಯ ಮಾತಿಲ್ಲ, ಬೇಯಿಸುವುದು ಎಣ್ಣೆಯಲ್ಲೇ. ಜೊತೆಗೆ ಟೀ. ಅಲ್ಲಿ ಮೈಲೋ, ಬೋರ್ನ್‌ವಿಟಾ ಕೂಡ ಟೀ ಲೆಕ್ಕವೇ.

ಇದನ್ನು ನಾನು ಮೊದಲು ಕಂಡದ್ದು ಇಬಾದಾನ್ ಊರಿನ ನಮ್ಮ ಅಡುಗೆಮನೆಯಲ್ಲಿ, ಅದೂ ತೀರ್ಥಹಳ್ಳಿಯಿಂದ ಹೋಗಿದ್ದ ಕಾವಲಿಯ ಮೇಲೆ.

1976ರಲ್ಲಿ ನೈಜೀರಿಯಾ ಸರ್ಕಾರ ಮಕ್ಕಳಿಗೆಲ್ಲ ಉಚಿತ ಪ್ರಾಥಮಿಕ ಶಿಕ್ಷಣ ಎಂದು ಸಾರಿತು. ಕಚ್ಚಾ ತೈಲದ ದುಡ್ಡು ಹರಿಯುತ್ತಿದ್ದ ಕಾಲ. ಶಾಲೆಗಳು ಎದ್ದವು, ಮೇಷ್ಟ್ರುಗಳು ಸಾಲಲಿಲ್ಲ. ನಮ್ಮ ಕಡೆಯಿಂದ ಹೋದವರಲ್ಲಿ ಗಣಿತ ಕಲಿಸುತ್ತಿದ್ದ ಅಪ್ಪನೂ ಒಬ್ಬರು. ನನಗೆ ಬುದ್ಧಿ ಬರುವಷ್ಟರಲ್ಲಿ ಆ ದುಡ್ಡಿನ ಸುಗ್ಗಿ ಮುಗಿದಿತ್ತು. 1986ರಿಂದ ಅಲ್ಲಿನ ಕರೆನ್ಸಿ ನೈರಾದ ಬೆಲೆ ಇಳಿಯುತ್ತಲೇ ಹೋಯಿತು, ಊರಿಗೆ ಕಳಿಸುವ ಡ್ರಾಫ್ಟೂ ತೆಳ್ಳಗಾಯಿತು. ಮರುವರ್ಷ ಜನವರಿ ಒಂದರಿಂದ ಗೋಧಿ ಆಮದನ್ನೇ ನಿಲ್ಲಿಸಿದರು. ಆ ದೇಶದಲ್ಲಿ ಗೋಧಿ ಬೆಳೆಯುವುದು ಉತ್ತರದ ಕಡೆ ಸ್ವಲ್ಪ, ಅಷ್ಟೇ. ಬ್ರೆಡ್ಡಿನ ರುಚಿ ಹತ್ತಿದ್ದ ಜನ ಏನು ಮಾಡಬೇಕು? ಬ್ರೆಡ್ಡು ಚಿಕ್ಕದಾಯಿತು, ಬೆಲೆ ದೊಡ್ಡದಾಯಿತು. ಗಡಿಯಾಚೆಯಿಂದ ಕದ್ದು ಬರುವ ಮೈದಾವನ್ನು ಅಂಗಡಿಯವರು ಮುಖ ನೋಡಿ ಕೊಡುತ್ತಿದ್ದರು. ಗೋಧಿಯ ಬದಲು ಬಳಸಬಹುದಾದ ಮರಗೆಣಸನ್ನೇ ಅರೆದು ಕುಡಿದಿದ್ದ ದೊಡ್ಡ ಅಂತರರಾಷ್ಟ್ರೀಯ ಕೃಷಿ ಸಂಸ್ಥೆ ನಮ್ಮೂರಲ್ಲೇ ಇತ್ತು. ಆದರೆ ಬೆಳಗ್ಗೆ ಎದ್ದ ಮಕ್ಕಳಿಗೆ ಬೇಕಾದದ್ದು ಬ್ರೆಡ್ಡು.

ಹಾಗೆ ಮುಖ ನೋಡಿ ಕೊಟ್ಟ ಮೈದಾ ಒಂದಿಷ್ಟು ಪಕ್ಕದ ಮನೆಯ ಮಾಮಾಗೆ ಸಿಕ್ಕಿತ್ತು. ಅಲ್ಲಿ ತಾಯಂದಿರನ್ನು ಮಕ್ಕಳ ಹೆಸರು ಸೇರಿಸಿ ಕರೆಯುವುದು ವಾಡಿಕೆ. ನಮ್ಮಮ್ಮ ಇಡೀ ಕಾಂಪೌಂಡಿಗೆ ‘ಮಾಮಾ ಪುಟ್ಟಿ’. ಪಕ್ಕದ ಮನೆಯಾಕೆ ನಮಗೆ ಬರೀ ಮಾಮಾ. ಇಬ್ಬರ ಸ್ನೇಹ ಬೆಳೆದದ್ದು ಅಕಾರಾದಿಂದ. ಅಲಸಂದೆ ನೆನೆಸಿ, ಸಿಪ್ಪೆ ತೆಗೆದು, ರುಬ್ಬಿ, ಎಣ್ಣೆಯಲ್ಲಿ ಕರಿಯುವ ತಿಂಡಿ ಅದು. ಶನಿವಾರ ಬೆಳಗ್ಗೆ ಅಲ್ಲಿನ ಯೊರುಬಾ ಜನರ ಮನೆಗಳಲ್ಲಿ ಅದರದೇ ವಾಸನೆ. ‘ನಮ್ಮ ವಡೆಯೇ ಕಣೆ’ ಎಂದು ಅಮ್ಮ ಒಪ್ಪಿಕೊಂಡಿದ್ದಳು. ಮಾಮಾ ಮಾತಾಡುತ್ತಿದ್ದದ್ದು ಪಿಜಿನ್ ಇಂಗ್ಲಿಷು, ಅಮ್ಮನದು ಮುಕ್ಕಾಲು ಕನ್ನಡ. ಇಬ್ಬರಿಗೂ ಅರ್ಥವಾಗದೆ ಉಳಿದದ್ದು ಏನೂ ಇದ್ದಂತಿಲ್ಲ.

ಮಾಮಾ ಆ ಮೈದಾ ಕಲಸಿದ ಶನಿವಾರ ತಿಂಗಳ ಕೊನೆಯದು. ಬುಹಾರಿಯವರ ಸೈನಿಕ ಸರ್ಕಾರ ತಂದ ಕಟ್ಟಳೆಯೊಂದಿತ್ತು: ತಿಂಗಳ ಕೊನೆಯ ಶನಿವಾರ ಬೆಳಗ್ಗೆ ಏಳರಿಂದ ಹತ್ತರವರೆಗೆ ಎಲ್ಲರೂ ಮನೆಮುಂದಿನ ಚರಂಡಿ ಬಳಿದು, ಕಸ ತೆಗೆಯಬೇಕು, ರಸ್ತೆಗೆ ಇಳಿಯಕೂಡದು. 1985ರಲ್ಲಿ ಅವರನ್ನು ಇಳಿಸಿ ಬಾಬಂಗಿದಾ ಬಂದರೂ ಕಟ್ಟಳೆ ಹೋಗಿರಲಿಲ್ಲ. ಅಪ್ಪ ಪಂಚೆ ಎತ್ತಿ ಕಟ್ಟಿ, ಸನಿಕೆ ಹಿಡಿದು ಚರಂಡಿಯಲ್ಲಿದ್ದರು. ಅವರು ಅಷ್ಟು ಶ್ರದ್ಧೆಯಿಂದ ಮನೆಗೆಲಸ ಮಾಡಿದ್ದನ್ನು ನಾನು ಬೇರೆ ಯಾವತ್ತೂ ನೋಡಿಲ್ಲ.

ಮಾಮಾ ದೊಡ್ಡ ಬೋಗುಣಿ ಹಿಡಿದು ನಮ್ಮ ಹಿತ್ತಲ ಬಾಗಿಲಿಗೆ ಬಂದಳು. ಹಾಸ್ಟೆಲಿನಿಂದ ಮಗ ಬಂದಿದ್ದಾನೆ, ಹಿಟ್ಟು ಕಲಸಿ ಆಗಿದೆ, ಸ್ಟವ್ವಿನಲ್ಲಿ ಸೀಮೆಎಣ್ಣೆ ಮುಗಿದಿದೆ, ತರೋಣವೆಂದರೆ ಹತ್ತರವರೆಗೆ ರಸ್ತೆ ಇಲ್ಲ. ‘ಮಾಮಾ ಪುಟ್ಟಿ, ಅಬೆಗ್, ನಿನ್ನ ಗ್ಯಾಸು.’ ಅಬೆಗ್ ಅಂದರೆ ದಯವಿಟ್ಟು.

ಅಮ್ಮ ಬೋಗುಣಿಯನ್ನು ನೋಡಿದಳು. ನಮ್ಮ ಮನೆಯೊಳಗೆ ಮೊಟ್ಟೆ ಬಂದದ್ದೇ ಇಲ್ಲ. ‘ಎಗ್?’ ಎಂದು ಕೇಳಿದಳು. ಮಾಮಾ ತಲೆಯಾಡಿಸಿ, ತನ್ನ ಪಾತ್ರೆ ತಾನೇ ತಂದಿದ್ದೇನೆಂದು ಕಂಕುಳಲ್ಲಿದ್ದ ಅಲ್ಯೂಮಿನಿಯಂ ಬಾಣಲೆ ತೋರಿಸಿದಳು. ಅಮ್ಮ ದಾರಿ ಬಿಟ್ಟಳು. ಒಲೆಯ ಪಕ್ಕದಲ್ಲಿದ್ದ ತನ್ನ ಪಾತ್ರೆಗಳನ್ನೆಲ್ಲ ಒಂದೊಂದಾಗಿ ಆಚೆ ಸರಿಸಿದ್ದೂ ನೆನಪಿದೆ.

ಬಾಣಲೆ ತೆಳುವಾಗಿತ್ತು, ತಳ ಉಬ್ಬಿತ್ತು. ಸೀಮೆಎಣ್ಣೆ ಸ್ಟವ್ವಿನ ಮೆತ್ತಗಿನ ಉರಿಗೆ ಹೊಂದಿಕೊಂಡಿದ್ದ ಕೈಗೆ ಗ್ಯಾಸಿನ ಉರಿ ಬಗ್ಗಲಿಲ್ಲ. ಮಾಮಾ ಸೌಟು ಹಿಟ್ಟು ಹಾಕಿ ಬಾಣಲೆಯನ್ನು ಅತ್ತಿತ್ತ ಓಲಾಡಿಸಿದಳು, ಹಿಟ್ಟು ಚೆಂದಕ್ಕೆ ಹರಡಿತು, ನಡುವೆ ಕಚ್ಚಿಕೊಂಡಿತು. ಎಬ್ಬಿಸಲು ಹೋದರೆ ಹರಿದು ಮುದ್ದೆ. ಮುಂದಿನದು ಸೀದೇ ಹೋಯಿತು. ಅಡುಗೆಮನೆಯ ತುಂಬ ಸಕ್ಕರೆ ಸುಟ್ಟ ವಾಸನೆ.

ಅಮ್ಮನಿಗೆ ಮೊಟ್ಟೆಯನ್ನಾದರೂ ಸಹಿಸಲು ಸಾಧ್ಯವಿತ್ತು, ಮೈದಾ ಹಾಳಾಗುವುದನ್ನು ನೋಡಲು ಆಗಲಿಲ್ಲ. ‘ಅಯ್ಯೋ, ಸರಿ ಆಚೆ’ ಎಂದು ಅಪ್ಪಟ ಕನ್ನಡದಲ್ಲಿ ಗದರಿ, ಗೂಟದಲ್ಲಿದ್ದ ಕಾವಲಿಯನ್ನು ಇಳಿಸಿ ಒಲೆಯ ಮೇಲಿಟ್ಟಳು. ಅಜ್ಜಿಯ ಕಾಲದಿಂದ ದೋಸೆ ಕಂಡು ಕಂಡು ಕನ್ನಡಿಯಾಗಿದ್ದ ಕಬ್ಬಿಣ. ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ತಿಕ್ಕಿದಳು. ಉರಿ ಇಳಿಸಿದಳು.

ಆದರೆ ಕಾವಲಿಗೆ ಅಂಚಿಲ್ಲ, ಎತ್ತಿ ಓಲಾಡಿಸುವಷ್ಟು ಹಗುರವೂ ಇಲ್ಲ. ಹಿಟ್ಟು ನೀರುನೀರು, ದೋಸೆಯಂತೆ ಸೌಟಿನಲ್ಲಿ ತಿರುವಿದರೆ ಕಿತ್ತುಬರುತ್ತದೆ. ಗಟ್ಟಿ ಮಾಡೋಣವೆಂದರೆ ಇನ್ನೊಂದು ಚಮಚ ಮೈದಾ ಯಾರ ಮನೆಯಲ್ಲೂ ಇಲ್ಲ. ಅಮ್ಮ ಸೌಟಿನ ತುದಿಯಿಂದ ಹಿಟ್ಟನ್ನು ಮೊದಲು ಹೊರಸುತ್ತಿಗೆ ಎರೆದು, ಆಮೇಲೆ ಒಳಗೊಳಗೆ ತುಂಬಿಸುತ್ತ ಬಂದಳು. ನೀರುದೋಸೆ ಎರೆಯುವುದು ಹಾಗೇ. ಮುಚ್ಚಳವನ್ನೂ ಮುಚ್ಚಲು ಹೊರಟಾಗ ಮಾಮಾ ಕೈ ಹಿಡಿದಳು: ‘ನೋ ಕವರ್, ಓ!’ ಮೇಲಿನ ಹಸಿ ಹೊಳಪು ಹೋಗಿ ಅಂಚು ತಾನಾಗಿ ಎದ್ದಾಗ ಮಾಮಾನೇ ಮಗುಚಿದಳು. ಕಂದು ಕಂದು ಚುಕ್ಕೆ, ಅಲ್ಲಲ್ಲಿ ತೂತು, ತೂತಿನ ಪಕ್ಕ ಕೆಂಪು ಮೆಣಸಿನ ಚೂರು. ಆಮೇಲೆ ಒಬ್ಬಳು ಎರೆಯುವುದು, ಒಬ್ಬಳು ಮಗುಚುವುದು. ಕಾಂಪೌಂಡಿನ ಮಕ್ಕಳೆಲ್ಲ ಹಿತ್ತಲಲ್ಲಿ ಸೇರಿದ್ದೆವು. ನಡುವೆ ಕರೆಂಟು ಹೋಯಿತು, ‘ನೆಪಾ!’ ಎಂದು ವಿದ್ಯುತ್ ಸಂಸ್ಥೆಯ ಹೆಸರು ಹಿಡಿದು ಎಲ್ಲರೂ ಒಮ್ಮೆ ಬೈದು ಮತ್ತೆ ತಟ್ಟೆ ನೋಡಿದೆವು.

ಅಪ್ಪ ಕಾಲು ತೊಳೆದು ಒಳಗೆ ಬಂದರು. ಕಾವಲಿ ನೋಡಿದರು, ಹಿಟ್ಟು ನೋಡಿದರು, ಅಮ್ಮನ ಮುಖ ನೋಡಿ ಸುಮ್ಮನಾದರು. ಮಾಮಾ ಒಂದನ್ನು ಸುರುಳಿ ಸುತ್ತಿ ಅವರ ಕೈಗಿಟ್ಟಳು. ಬೇಡ ಅನ್ನುತ್ತಾರೆಂದು ಅಮ್ಮ ಕಾದಳು. ಅಪ್ಪ ತುತ್ತು ಕಚ್ಚಿ, ನಿಧಾನಕ್ಕೆ ಅಗಿದು, ‘ಚೆನ್ನಾಗಿದೆ. ಆದರೆ ಜಾಯಿಕಾಯಿ ಹಾಕಿಲ್ಲ, ಅಲ್ವಾ?’ ಅಂದುಬಿಟ್ಟರು.

ಅಮ್ಮನ ಕೈಯಲ್ಲಿದ್ದ ಸೌಟು ಬೋಗುಣಿಯೊಳಗೇ ನಿಂತಿತು. ‘ನಿಮಗೆ ಹೇಗೆ ಗೊತ್ತು ರೀ?’

ಸ್ಟಾಫ್ ರೂಮು, ಬೆಳಗ್ಗೆ ತಿಂಡಿ ಮಾರಲು ಬರುವ ಹೆಂಗಸು, ಬೇಡವೆಂದರೆ ಸಹೋದ್ಯೋಗಿಗಳು ಏನಂದುಕೊಳ್ಳುತ್ತಾರೋ ಎಂಬ ಸಂಕೋಚ, ಎಲ್ಲವೂ ತುಂಡು ತುಂಡಾಗಿ ಹೊರಬಂತು. ಮಾತು ಅರ್ಥವಾಗದಿದ್ದರೂ ಮಾಮಾಗೆ ವಿಷಯ ಪೂರ್ತಿ ಅರ್ಥವಾಗಿ, ಸೆರಗಿಲ್ಲದ ಹೆಂಗಸು ಅಮ್ಮನ ಸೆರಗು ಎಳೆದು ಬಾಯಿಗೆ ಹಿಡಿದುಕೊಂಡಳು.

‘ನಿಮ್ಮ ಸೀಮೆಎಣ್ಣೆ ನಾನೇ ತರ್ತೀನಿ’ ಎಂದು ಅಪ್ಪ ಮಾಮಾನ ಕ್ಯಾನು ಎತ್ತಿಕೊಂಡು ಹೊರಟೇಬಿಟ್ಟರು. ಹತ್ತಾಗಲು ಇನ್ನೂ ಹೊತ್ತಿತ್ತು. ಗೇಟು ದಾಟಿ ಹತ್ತು ಹೆಜ್ಜೆ ಹಾಕಿರಲಿಲ್ಲ, ಕಾವಲಿಗೆ ನಿಂತಿದ್ದವರು ತಡೆದು ರಸ್ತೆಬದಿಯಲ್ಲಿ ನಿಲ್ಲಿಸಿಕೊಂಡರು. ನಾನು ಓಡಿಬಂದು, ‘ಅಮ್ಮಾ, ಅಪ್ಪನ್ನ ಹಿಡಿದ್ರು, ದಂಡ ಕಟ್ಟಬೇಕಂತೆ’ ಎಂದೆ.

‘ನಿಂತಿರಲಿ ಬಿಡು’ ಎಂದಳು ಅಮ್ಮ, ಮುಂದಿನದನ್ನು ಎರೆಯುತ್ತ. ‘ಇದೊಂದು ಸೌಟು ಮುಗಿಸಿ ದುಡ್ಡು ಕೊಡ್ತೀನಿ.’